ಎರಡಕ್ಕೇ ನಿಂತವು

ಮಾರ್ಚ್ 4, ಸೋಮವಾರ

ದೊಡ್ಡಮೇಡಂ ಇವತ್ತು ಲ್ಯಾಬಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೊಂದು ನೋಟ್‌ಬುಕ್ ಕೊಟ್ಟರು. ಎಷ್ಟು ಹೊತ್ತಿಗೆ ಬಂದಿರಿ, ಏನು ಮುಟ್ಟಿದಿರಿ, ಏನು ತೊಳೆದಿರಿ, ಎಲ್ಲ ಬರೆಯಬೇಕಂತೆ. ನಾನು ಕಟ್ಟಿನಿಂದ ಎರಡು ಎತ್ತಿಕೊಂಡೆ. ಒಂದು ಅವರಿಗೆ, ಒಂದು ನನಗೆ. ಅವರದ್ದರಲ್ಲಿ "ಎಂಟಕ್ಕೆ ಬಂದೆ, ಗಾಜು ತೊಳೆದೆ" ಅಂತ ಒಂದು ಸಾಲು ಗೀಚಿದೆ. ಇದರಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಬರೆಯಬಹುದು. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಅಕ್ಷರ, ಇನ್ನೊಬ್ಬರು ಓದುತ್ತೇನೆಂದರೂ ಆಗುವುದಿಲ್ಲ.

ಆರು ವಾರದಿಂದ ಲ್ಯಾಬಿನಲ್ಲಿ ಚುಕ್ಕೆಗಳು ಸಾಯುತ್ತಿವೆ. ಚುಕ್ಕೆ ಅನ್ನುವುದು ನನ್ನ ಮಾತು, ಅವರು ಭ್ರೂಣ ಅನ್ನುತ್ತಾರೆ. ಗಂಡಿನ ಬೀಜ ಆಗತಾನೆ ಸೇರಿದ ಮೊಟ್ಟೆಯನ್ನು ಹೆಣ್ಣಿಲಿಯಿಂದ ತೆಗೆದು, ಗಾಜಿನ ಬಟ್ಟಲಲ್ಲಿ ಒಂದು ಹನಿ ದ್ರವದೊಳಗೆ ಇಟ್ಟು, ಹನಿ ಆರದ ಹಾಗೆ ಮೇಲೆ ಎಣ್ಣೆ ಹೊಯ್ದು, ಕಾವಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಒಂದಿದ್ದದ್ದು ಮಾರನೇ ದಿನ ಎರಡಾಗಬೇಕು. ಎರಡು ನಾಲ್ಕು, ನಾಲ್ಕು ಎಂಟು. ಈಗ ಎಲ್ಲವೂ ಎರಡಕ್ಕೇ ನಿಂತುಬಿಡುತ್ತಿವೆ.

ಇದರ ಮೇಲೆ ಮೂರು ವರ್ಷದಿಂದ ಕೂತಿರುವವಳು ಕಡ್ಡಿ. ಪಿಎಚ್‌ಡಿ ಹುಡುಗಿ, ಊದಿದರೆ ಹಾರಿಹೋಗುವ ಹಾಗಿದ್ದಾಳೆ, ಅದಕ್ಕೇ ಕಡ್ಡಿ. ಅವಳೇ ಒಮ್ಮೆ ನನಗೆ ಬಿಡಿಸಿ ಹೇಳಿದ್ದಳು. "ಮೊದಲನೇ ದಿನ ಅದು ಅಮ್ಮ ಕಟ್ಟಿಕೊಟ್ಟ ಬುತ್ತಿ ತಿಂದ್ಕೊಂಡು ಇರುತ್ತೆ ಅಜ್ಜಿ. ಎರಡಾಗೋ ಹೊತ್ತಿಗೆ ಬುತ್ತಿ ಖಾಲಿ. ಆಮೇಲೆ ತನ್ನೊಳಗಿರೋ ಚೀಟಿ ತಾನೇ ಬಿಚ್ಚಿ ಓದ್ಕೊಂಡು ಬದುಕಬೇಕು. ಆ ಚೀಟಿ ಬಿಚ್ಚೋದು ಯಾರು ಅಂತ ಹುಡುಕೋದೇ ನನ್ನ ಕೆಲಸ."

"ಓದೋಕೆ ಬರದೇ ಇದ್ರೆ?"

"ಸತ್ತುಹೋಗುತ್ತೆ."

"ಹಾಗಾದ್ರೆ ನಾನು ಹೇಗೆ ಬದುಕಿದೆ?" ಅಂದೆ. ಬಿದ್ದು ಬಿದ್ದು ನಕ್ಕಳು.

ಈಗ ನಗುವುದಿಲ್ಲ. ನನ್ನ ಗಾಜಿನ ಮೇಲಂತೂ ಯಾರೂ ಬೆರಳು ತೋರಿಸುವ ಹಾಗಿಲ್ಲ. ಇಪ್ಪತ್ತಾರು ವರ್ಷ ಸೋಪು ಮುಟ್ಟದೆ ತೊಳೆದಿದ್ದೇನೆ. ಸೋಪಿನ ಒಂದು ಕಣ ಉಳಿದರೂ ಚುಕ್ಕೆ ಉಳಿಯುವುದಿಲ್ಲ. ಬಟ್ಟಿ ಇಳಿಸಿದ ನೀರಿನಲ್ಲಿ ಏಳು ಸಲ. ಏಳು ಅಂದರೆ ಏಳೇ.

ಬೆರಳ ಗೆಣ್ಣುಗಳು ಈ ಚಳಿಗಾಲದಿಂದ ಊದಿಕೊಂಡು ಮಡಿಸಲಿಕ್ಕೆ ಬರುತ್ತಿಲ್ಲ. ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಮುಲಾಮು ತಿಕ್ಕಿ, ಮೇಲೆ ಗ್ಲೌಸ್ ಹಾಕಿಕೊಂಡು ಕೆಲಸಕ್ಕೆ ಇಳಿಯುತ್ತೇನೆ. ಯಾರಿಗೂ ಹೇಳಿಲ್ಲ. ಗೊತ್ತಾದರೆ "ಮನೇಲಿ ಆರಾಮಾಗಿರಿ ಅಜ್ಜಿ" ಅನ್ನುತ್ತಾರೆ. ಆರಾಮಂತೆ.

ಮಾರ್ಚ್ 6, ಬುಧವಾರ

ಸೊಸೆಗೆ ಮತ್ತೆ ನಿಂತಿದೆ. ಆರು ವಾರ. ಮಗ ಹೇಳಿದ. ಅವನು ಲಿಫ್ಟ್ ರಿಪೇರಿ ಮಾಡುವವನು, ಮೂವತ್ತನೇ ಮಹಡಿಯಲ್ಲಿ ಹಗ್ಗಕ್ಕೆ ಜೋತುಬೀಳುತ್ತಾನೆ, ಆದರೆ ಇದನ್ನು ಹೇಳುವಾಗ ಧ್ವನಿ ನಡುಗುತ್ತಿತ್ತು. ಅವಳು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದಳು.

ಮದುವೆಯಾಗಿ ಏಳು ವರ್ಷ. ಎರಡು ಸಲ ನಿಂತು ಎರಡು ಸಲವೂ ಹೋಯಿತು. ಎರಡನೇ ಸಲ ಆಸ್ಪತ್ರೆಯಿಂದ ಬಂದ ದಿನ "ನಿನ್ನ ಹೊಟ್ಟೆಯಲ್ಲಿ ಏನೂ ನಿಲ್ಲಲ್ಲ ಬಿಡು" ಅಂದಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ನಾನು.

ಇವತ್ತು "ಈ ಸಲವಾದ್ರೂ ಉಳಿಸ್ಕೋ" ಅಂದೆ.

"ಹೂಂ ಅತ್ತೆ" ಅಂದಳು. ಆಮೇಲೆ ದಿನದ ಹಾಗೆ ಕೆಳಗೆ ಕೂತು ನನ್ನ ಮಂಡಿಗೆ ಮುಲಾಮು ತಿಕ್ಕಿದಳು. ನಾಲ್ಕು ವರ್ಷದಿಂದ ಮಂಡಿ, ಈಗ ಬೆರಳೂ ಸೇರಿದೆ. ಬೆರಳು ಹಿಡಿದಾಗ ಪ್ರಾಣ ಹೋದಂತಾಗಿ "ಬಿಡೇ, ಹಿಟ್ಟು ನಾದ್ತಿದ್ದೀಯಾ?" ಅಂತ ಕೈ ಕಿತ್ತುಕೊಂಡೆ.

ಮಾರ್ಚ್ 8, ಶುಕ್ರವಾರ

ಮೀಟಿಂಗ್. ನೀರು ಪರೀಕ್ಷೆ ಮಾಡಿದ್ದಾರೆ, ಸರಿಯಿದೆ. ಇಲಿಗಳ ಆಹಾರ, ಗಾಳಿಯ ಫಿಲ್ಟರ್, ದ್ರವ, ಎಲ್ಲ ಸರಿಯಿವೆ. ಇಲಿಗಳನ್ನು ನೋಡಿಕೊಳ್ಳುವ ಇಲಿಯಪ್ಪ ಎದ್ದು, "ಮೇಡಂ, ನನ್ನ ಇಲಿಗಳ ಸಂಸಾರದಲ್ಲಿ ಏನೂ ತೊಂದರೆ ಇಲ್ಲ. ಪಂಜರದಲ್ಲಿ ಬಿಟ್ಟರೆ ಹತ್ತು ಹನ್ನೆರಡು ಹಾಕ್ತವೆ. ನಿಮ್ಮ ಬಟ್ಟಲಿಗೆ ಬಂದಮೇಲೇ ಅವಕ್ಕೆ ಬೇಜಾರು" ಅಂದ. ಯಾರೂ ನಗಲಿಲ್ಲ.

ವಾಸನೆಯೂ ಕಾರಣ ಇರಬಹುದು ಅಂದರು ದೊಡ್ಡಮೇಡಂ. ಸೆಂಟು, ಹೊಸ ಪೇಂಟು, ಉಗುರುಬಣ್ಣ, ಇವುಗಳ ಆವಿಯೂ ಚುಕ್ಕೆಗೆ ವಿಷವಂತೆ. ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ನನ್ನ ಕಡೆಯೂ ನೋಡಿದ ಹಾಗಾಯಿತು. ರೇಗಿಹೋಯಿತು.

"ಇವಳ ತಲೆ ಮೂಸಿ ನೋಡಿ. ಹೂವಿನ ಅಂಗಡಿ ಹೊತ್ಕೊಂಡು ಬಂದ ಹಾಗಿರುತ್ತೆ" ಅಂತ ಕಡ್ಡಿಯನ್ನು ತೋರಿಸಿದೆ.

"ಅಜ್ಜಿ, ಅದು ಬರೀ ಶಾಂಪೂ. ತಲೆಗೆ ಟೋಪಿ ಹಾಕಿರ್ತೀನಲ್ಲ" ಅಂದಳು. ಅವಳ ಮುಖ ಸುಣ್ಣವಾಯಿತು.

ಹೇಳಬೇಕಾದ್ದು ಹೇಳಿದೆ. ಮುಲಾಮಿನ ವಿಷಯ ಬೇರೆ, ಅದು ಔಷಧಿ.

ಮಾರ್ಚ್ 11, ಸೋಮವಾರ

ಕಡ್ಡಿ ಎರಡು ವಾರ ಭ್ರೂಣದ ಕೋಣೆಗೆ ಕಾಲಿಡಬಾರದು ಅಂತ ಆಗಿದೆ. ಅವಳಿಲ್ಲದಾಗ ಸರಿಹೋದರೆ ಅವಳೇ ಕಾರಣ ಅಂತ ಲೆಕ್ಕ. ಆಮೇಲೆ ಅವಳ ಕೆಲಸ ಬೇರೆಯವರ ಕೈಗೆ.

ಪೆಟ್ಟಿಗೆಯೊಳಗೆ ಗಾಳಿ ತೇವವಾಗಿರಲಿ ಅಂತ ಅಡಿಯಲ್ಲಿ ನೀರಿನ ತಟ್ಟೆ ಇರುತ್ತದೆ. ಜನವರಿಯಲ್ಲಿ ಆ ಕೆಲಸದವನು ನಿವೃತ್ತನಾದ ಮೇಲೆ ಅದನ್ನು ಬದಲಿಸುವುದೂ ನಾನೇ. ಇವತ್ತೂ ಬದಲಿಸಿ, ಒಳಗೆಲ್ಲ ಒರೆಸಿ ಬಂದೆ. ಬಾಗಿಲ ಗಾಜಿನಾಚೆ ಕಡ್ಡಿ ನಿಂತು ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ಒಳಗೆ ಬಿಡದ ತಾಯಿಯ ಹಾಗೆ.

ಮಾರ್ಚ್ 13, ಬುಧವಾರ

ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರಿ ಬಾಯಿಗಿಟ್ಟೆ. ಥೂ. ಮುಲಾಮು.

"ಏನೇ ಇದು?" ಅಂತ ಕೂಗಿದೆ.

ಸೊಸೆ ಬಂದು ಮೂಸಿದಳು. "ನಿಮ್ಮ ಡಬ್ಬಿ ಬೆಣ್ಣೆ ಪಕ್ಕದಲ್ಲೇ ಇಟ್ಟಿದ್ದಿರಿ ಅತ್ತೆ. ಬೆಣ್ಣೆ, ಎಣ್ಣೆ ಎಲ್ಲ ವಾಸನೆ ಹೀರಿಕೊಳ್ಳುತ್ತಲ್ಲ. ಮುಚ್ಚಳ ಹಾಕಿದ್ರೂ ಹೀರುತ್ತೆ."

ಇದೇನು ನನಗೆ ಗೊತ್ತಿಲ್ಲದ್ದಲ್ಲ. ಐವತ್ತು ವರ್ಷ ಅಡುಗೆಮನೆಯಲ್ಲಿ ಸವೆಸಿದವಳು. ಆದರೂ ಬ್ರೆಡ್ಡನ್ನು ತಟ್ಟೆಗೆ ಹಾಕಿ ಡಬ್ಬಿ ಎತ್ತಿಕೊಂಡೆ.

ಎಣ್ಣೆ. ಪ್ರತಿ ಹನಿಯ ಮೇಲೂ ಎಣ್ಣೆ ಹೊಯ್ದಿರುತ್ತಾರೆ. ಹೊಯ್ಯುವ ಎಣ್ಣೆಯ ಬಾಟಲಿಯೂ ಬೆಚ್ಚಗಿರಲಿ ಅಂತ ಅದೇ ಪೆಟ್ಟಿಗೆಯಲ್ಲಿ ಇರುತ್ತದೆ. ನಾನು ಕೈ ಹಾಕಿ ಒರೆಸುವ ಪೆಟ್ಟಿಗೆ. ಬೆರಳಿಗೆ ಮುಲಾಮು ಶುರುಮಾಡಿದ್ದು ಜನವರಿ ಕೊನೆಗೆ. ಚುಕ್ಕೆ ಸಾಯಲು ಶುರುವಾದದ್ದೂ ಆಗಲೇ.

ಬಸ್ಸಿನಲ್ಲಿ ಪೂರ್ತಿ ದಾರಿ ಕೈ ಕಂಕುಳಲ್ಲಿ ಇಟ್ಟುಕೊಂಡೇ ಹೋದೆ. ಯಾರೋ ಸೀಟು ಬಿಟ್ಟುಕೊಟ್ಟರು, ಹುಷಾರಿಲ್ಲ ಅಂದುಕೊಂಡು.

ಇರಲಾರದು. ಬರೀ ಬೆಣ್ಣೆ ಅದು.

ಮಾರ್ಚ್ 14, ಗುರುವಾರ

ಹಚ್ಚಲಿಲ್ಲ. ಪೆಟ್ಟಿಗೆ ಒಳಗೆಲ್ಲ ಮೂರು ಸಲ ಒರೆಸಿದೆ. ಹಳೆ ಎಣ್ಣೆ ಬಾಟಲಿ "ಒಡೆಯಿತು" ಅಂತ ಅವರ ನೋಟ್‌ಬುಕ್ಕಿನಲ್ಲಿ ಬರೆದೆ. ಒಡೆದಿರಲಿಲ್ಲ. ಚೆಲ್ಲಿದೆ. ಹೊಸದು ಬಂತು. ಎರಡು ಬಟ್ಟಲು ಕೈಯಿಂದ ಜಾರಿದವು, ಅವು ನಿಜವಾಗಿಯೇ ಒಡೆದವು. ಪೆನ್ನು ಹಿಡಿಯಲೂ ಆಗುತ್ತಿಲ್ಲ.

ಮಾರ್ಚ್ 18, ಸೋಮವಾರ

ಕಡ್ಡಿಯನ್ನು ಹೊರಗಿಟ್ಟ ಮೇಲೆ ಮೊದಲ ಸಲ, ಶುಕ್ರವಾರ ಇಟ್ಟ ಚುಕ್ಕೆಗಳು ಬೆಳೆದಿವೆ. ಎರಡು ದಾಟಿ, ನಾಲ್ಕು, ಎಂಟು ದಾಟಿ, ಈಗ ಗೊಂಚಲಿನ ಹಾಗಾಗಿವೆಯಂತೆ. ಮೂವತ್ತರಲ್ಲಿ ಇಪ್ಪತ್ತೇಳು. ಕಾರಿಡಾರಿನಲ್ಲಿ ಚಪ್ಪಾಳೆ. ಇಲಿಯಪ್ಪ ನನ್ನ ಬೆನ್ನು ತಟ್ಟಿ, "ಗಾಜಜ್ಜಿ, ನಿಮ್ಮ ಮೂಗೇ ಮೂಗು! ಸರಿಯಾಗಿ ಹಿಡಿದ್ರಿ ನೋಡಿ ಕಳ್ಳೀನ" ಅಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ ಕೈ ಜೇಬಿಗೆ ಹೋಯಿತು. ಡಬ್ಬಿ ಅಲ್ಲೇ ಇತ್ತು.

ನಾನು ನಿಲ್ಲಿಸಿದ್ದಕ್ಕೆ ಅವು ಬದುಕಿದವು. ಅವು ಬದುಕಿದ್ದಕ್ಕೆ ಕಡ್ಡಿ ಕಳ್ಳಿಯಾದಳು.

ಹೇಳಿದರೆ ಏನಾಗುತ್ತದೆ? ಮೂರು ವರ್ಷದ ಕೆಲಸ ಕೆಡಿಸಿದ ಮುದುಕಿ. ಅದರ ಮೇಲೆ ಸುಳ್ಳಿ. ಗೇಟಿನ ಹೊರಗೆ. ಇಪ್ಪತ್ತಾರು ವರ್ಷ ಏಳು ಸಲ ತೊಳೆದದ್ದನ್ನು ಯಾರೂ ನೆನೆಯುವುದಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದೂ ಇಲ್ಲ. ಹುಡುಗಿ ಚಿಕ್ಕವಳು, ಬೇರೆ ಕಡೆ ಏನಾದರೂ ಮಾಡಿಕೊಳ್ಳುತ್ತಾಳೆ.

ಮಾರ್ಚ್ 19, ಮಂಗಳವಾರ

ಸಂಜೆ ಸೊಸೆ ಬಚ್ಚಲಿಂದ "ಅತ್ತೆ" ಅಂತ ಕರೆದಳು. ಕಿರುಚಲಿಲ್ಲ. ಮೆಲ್ಲಗೆ ಕರೆದಳು. ಬಟ್ಟೆಯಲ್ಲಿ ಕಲೆ. ಚಿಕ್ಕದು, ಗುಂಡಿಯಷ್ಟು.

ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಮಲಗಿರಬೇಕು, ಭಾರ ಎತ್ತಬಾರದು, ಮುಂದಿನ ಬುಧವಾರ ಸ್ಕ್ಯಾನ್, ಅಲ್ಲಿಯವರೆಗೆ ಏನೂ ಹೇಳಲಾಗದು ಅಂದರು. ಹೇಳಲಾಗದು ಅನ್ನಲಿಕ್ಕೆ ಅಷ್ಟು ಓದಬೇಕಿತ್ತೇ.

ಮನೆಗೆ ಬಂದು ಮಲಗಿದವಳು ಕೈ ಚಾಚಿ, "ಮಂಡಿ ಹತ್ತಿರ ತನ್ನಿ ಅತ್ತೆ, ಮಲಗಿದ್ದೇ ತಿಕ್ಕಿಕೊಡ್ತೀನಿ" ಅಂದಳು.

ಆಗ ಹೊಳೆಯಿತು. ನಾಲ್ಕು ವರ್ಷದಿಂದ ಪ್ರತಿ ಸಂಜೆ ಅವಳು ಬರಿಗೈಯಲ್ಲಿ ನನಗೆ ಮುಲಾಮು ತಿಕ್ಕಿದ್ದಾಳೆ. ಎರಡು ಮಕ್ಕಳು ಹೋದದ್ದು ಆ ನಾಲ್ಕು ವರ್ಷದಲ್ಲಿಯೇ.

"ಮುಟ್ಬೇಡ!" ಅಂದೆ. ಕೂಗಿಬಿಟ್ಟೆ. ಬೆದರಿ ಕೈ ಹಿಂದಕ್ಕೆ ಎಳೆದುಕೊಂಡಳು.

ಮಾರ್ಚ್ 20, ಬುಧವಾರ

ಡಬ್ಬಿಯನ್ನು ಬೀದಿ ಕೊನೆಯ ಕಸದ ತೊಟ್ಟಿಗೆ ಹಾಕಿ ಬಂದೆ. ಸ್ವಲ್ಪ ಹೊತ್ತಿಗೆ ವಾಪಸ್ ಹೋಗಿ ತೆಗೆದುಕೊಂಡು ಬಂದೆ. ಯಾಕೋ ಗೊತ್ತಿಲ್ಲ. ಸಾಕ್ಷಿ ಬೇಕಾಗಬಹುದು ಅನಿಸಿತು.

ಅವಳ ಹಾಸಿಗೆ ಬಟ್ಟೆಯನ್ನೆಲ್ಲ ತೊಳೆದೆ. ಸೋಪಿಲ್ಲದೆ. ಏಳು ಸಲ. ಮಗ ನೋಡಿ, "ಅಮ್ಮಾ, ಇದು ಲ್ಯಾಬಲ್ಲ" ಅಂದ. "ಬಾಯಿ ಮುಚ್ಚು" ಅಂದೆ.

ನನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದೇನೆ. ಬಾಗಿಲಲ್ಲೇ ನಿಂತು ಅವಳನ್ನು ನೋಡುತ್ತೇನೆ, ಒಳಗೆ ಹೋಗುವುದಿಲ್ಲ. "ಅತ್ತೆಗೆ ಇನ್ನೂ ಸಿಟ್ಟಿದೆ" ಅಂತ ಗಂಡನಿಗೆ ಹೇಳುತ್ತಿದ್ದಳು. ಇರಲಿ, ಹಾಗೇ ಅಂದುಕೊಳ್ಳಲಿ.

ಲ್ಯಾಬಿನಲ್ಲಿ ಕಡ್ಡಿ ರಟ್ಟಿನ ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದಳು. ನನ್ನನ್ನು ನೋಡಿ, "ಅಜ್ಜಿ, ನಾನು ಶಾಂಪೂನೂ ಬಿಟ್ಟಿದ್ದೆ ಗೊತ್ತಾ? ಬರೀ ನೀರಲ್ಲಿ ತಲೆ ತೊಳ್ಕೊಳ್ತಿದ್ದೆ. ಆದ್ರೂ ನಾನೇ ಅಂತೆ" ಅಂದಳು.

"ಹೂಂ" ಅಂದೆ. ಗಾಜು ತೊಳೆಯಲು ಹೋದೆ.

ಮಾರ್ಚ್ 21, ಗುರುವಾರ

ದೊಡ್ಡಮೇಡಂ ಕೋಣೆಗೆ ಹೋದೆ. ಒಪ್ಪಿಕೊಳ್ಳಲಿಕ್ಕಲ್ಲ. ಒಂದು ಮಾತು ಕೇಳಲಿಕ್ಕೆ. ಇದನ್ನು ಕೇಳಬಹುದಾದವರು ನನಗೆ ಗೊತ್ತಿರುವುದು ಅವರೊಬ್ಬರೇ.

"ಮೇಡಮ್ಮ, ವಾಸನೆಗೆ ಬಟ್ಟಲಲ್ಲಿರೋದು ಸಾಯುತ್ತೆ ಅಂದ್ರಿ. ಹೆಂಗಸಿನ ಹೊಟ್ಟೆಯಲ್ಲಿರೋದೂ ಸಾಯುತ್ತಾ?"

"ಯಾವ ವಾಸನೆ ಅಜ್ಜಿ?"

ಅಲ್ಲಿಗೆ ಸಿಕ್ಕಿಬಿದ್ದೆ. ಡಬ್ಬಿ ತೋರಿಸದೆ ಉತ್ತರ ಸಿಗುವುದಿಲ್ಲ. ಉತ್ತರವಿಲ್ಲದೆ ಮನೆಗೆ ಹೋಗಲಾರೆ. ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಜನವರಿಯಿಂದ ಹಚ್ಚಿದ್ದು, ಬೆಣ್ಣೆ, ಚೆಲ್ಲಿದ ಎಣ್ಣೆ, ಮೂರು ಸಲ ಒರೆಸಿದ್ದು, ನಾಲ್ಕು ವರ್ಷದ ಮಂಡಿ, ಎರಡು ಮಕ್ಕಳು, ಗುಂಡಿಯಷ್ಟು ಕಲೆ, ಎಲ್ಲ ಒಂದರ ಮೇಲೊಂದು ಬಂತು.

ಅವರು ಮೊದಲು ಎದ್ದು ಕಿಟಕಿ ತೆರೆದರು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. "ಎಣ್ಣೆ" ಅಂದರು ತಮಗೆ ತಾವೇ. "ಎಲ್ಲಾ ಪರೀಕ್ಷೆ ಮಾಡಿದ್ವಿ. ಎಣ್ಣೆಯನ್ನ ಮೂಸಿ ನೋಡಲಿಲ್ಲ."

"ನನ್ನ ಪ್ರಶ್ನೆಗೆ ಉತ್ತರ ಹೇಳಿ" ಅಂದೆ. ಬಾಯಿ ಮಾತ್ರ ಹಳೇ ಬಾಯಿಯೇ.

"ಬಟ್ಟಲಲ್ಲಿ ಅದು ಬೆತ್ತಲೆ ಅಜ್ಜಿ. ಹೊಟ್ಟೆಯಲ್ಲಿ ಹಾಗಲ್ಲ, ತಾಯಿಯ ಇಡೀ ಮೈ ಅದರ ಸುತ್ತ ಕಾವಲು ನಿಂತಿರುತ್ತೆ. ಕೈಗೆ ಹತ್ತಿದ ಮುಲಾಮಿಂದ ಮಗು ಹೋಗಿದೆ ಅಂತ ನಾನು ನಂಬೋದಿಲ್ಲ. ಆದ್ರೂ ಬಸುರಿ ಹತ್ರ ಹಚ್ಚಿಸ್ಕೋಬೇಡಿ, ಅವಳ ಡಾಕ್ಟರನ್ನೂ ಒಂದು ಮಾತು ಕೇಳಿ."

"ಮತ್ತೆ ಆ ಎರಡು?"

"ಬಹಳ ಸಲ ಮೊಟ್ಟೆಯಲ್ಲೇ, ನಮ್ಮ ಹುಡುಗಿ ಹೇಳ್ತಾಳಲ್ಲ, ಆ ಚೀಟಿಗಳ ಎಣಿಕೆ ತಪ್ಪಿರುತ್ತೆ. ಒಂದು ಹೆಚ್ಚು, ಇಲ್ಲ ಒಂದು ಕಡಿಮೆ. ಅಂಥದ್ದು ಮುಂದೆ ಹೋಗೋದಿಲ್ಲ. ಭಾರ ಎತ್ತಿದ್ದಕ್ಕಲ್ಲ, ಏನೋ ತಿಂದಿದ್ದಕ್ಕಲ್ಲ. ನಿಮ್ಮ ಸೊಸೆ ಮಾಡಿದ ತಪ್ಪಂತೂ ಅಲ್ಲವೇ ಅಲ್ಲ."

"ಗ್ಯಾರಂಟಿನಾ?"

"ಗ್ಯಾರಂಟಿ ಕೊಡೋಕೆ ನಾನೇನು ಫ್ಯಾನ್ ಮಾರ್ತಿದ್ದೀನಾ ಅಜ್ಜಿ?"

"ಈ ಸಲ ನಿಲ್ಲುತ್ತಾ?"

"ಗೊತ್ತಿಲ್ಲ" ಅಂದರು.

ಹೊರಡುವಾಗ, ನಾಳೆಯಿಂದ ಪೆಟ್ಟಿಗೆಯ ಕೋಣೆಗೆ ಹೋಗಬೇಡಿ, ಮುಂದಿನದ್ದು ಆಫೀಸಿನವರು ತೀರ್ಮಾನಿಸುತ್ತಾರೆ ಅಂದರು. ಕೂಗಾಡಿದ್ದರೆ ಚೆನ್ನಾಗಿತ್ತು. ನಾನೂ ಎರಡು ಕೂಗುತ್ತಿದ್ದೆ.

ಮಾರ್ಚ್ 22, ಶುಕ್ರವಾರ

ಕಡ್ಡಿ ರಟ್ಟಿನ ಪೆಟ್ಟಿಗೆ ಹೊತ್ತು ವಾಪಸ್ ಬಂದಳು. ಸೀದಾ ನಾನು ಗಾಜು ತೊಳೆಯುವ ಕಡೆಗೆ.

"ಆ ವಾಸನೆ ನನಗೆ ದಿನಾ ಬರ್ತಿತ್ತು ಅಜ್ಜಿ. ಅಜ್ಜಿಯಂದಿರ ವಾಸನೆ ಅಂದ್ಕೊಂಡಿದ್ದೆ. ನಮ್ಮಜ್ಜಿ ಹತ್ರಾನೂ ಹಾಗೇ ಬರ್ತಿತ್ತು. ನನಗೆ ಅದು ಇಷ್ಟ ಬೇರೆ." ರಟ್ಟಿನ ಪೆಟ್ಟಿಗೆಯನ್ನು ನೆಲಕ್ಕೆ ಕುಕ್ಕಿದಳು. "ನನ್ನ ತಲೆ ಮೂಸಿ ಅಂದ್ರಲ್ಲ, ಎಲ್ಲರ ಮುಂದೆ!"

"ಅಂದೆ."

"ಅಷ್ಟೇನಾ?"

"ತಪ್ಪಾಯ್ತು ಕಣಮ್ಮಾ" ಅಂದೆ. ಆ ಮಾತು ಕೊನೆಯ ಸಲ ಯಾವಾಗ ಅಂದಿದ್ದೆನೋ ನೆನಪಿಲ್ಲ. ನಾಲಿಗೆಗೆ ಹೊಸ ಚಪ್ಪಲಿ ಹಾಕಿಕೊಂಡ ಹಾಗಿತ್ತು.

ಅವಳ ಸಿಟ್ಟು ಇಳಿಯಲಿಲ್ಲ. ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಪೆಟ್ಟಿಗೆಯ ಕೋಣೆಯ ಪಕ್ಕದ ಕೋಣೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. "ನೋಡಿ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವಾದ್ರೂ ನೋಡಿದ್ದೀರಾ?"

ನೋಡಿರಲಿಲ್ಲ. ಯಾರೂ ಕರೆದಿರಲಿಲ್ಲ, ನಾನೂ ಕೇಳಿರಲಿಲ್ಲ.

ಮೊದಲು ತೋರಿಸಿದ್ದು ಸತ್ತದ್ದು, ಹಳೆಯದು. ಒಂದು ತೆಳ್ಳನೆಯ ಗೂಡಿನೊಳಗೆ ಎರಡು ಗುಳ್ಳೆ, ಒಂದಕ್ಕೊಂದು ಆತುಕೊಂಡು. ಕಪ್ಪಿಟ್ಟಿದ್ದವು. ಚಳಿಗೆ ಅಪ್ಪಿಕೊಂಡು ಮಲಗಿದ ಮಕ್ಕಳ ಹಾಗೆ. ಆಮೇಲೆ ಬದುಕಿದ್ದು ತೋರಿಸಿದಳು. ಅದೂ ಎರಡೇ, ಆದರೆ ಒಳಗಿನಿಂದ ಬೆಳಕು ಬಂದ ಹಾಗಿತ್ತು.

"ಬುತ್ತಿ ಖಾಲಿ ಆಗಿದೆಯಾ ಇದರದ್ದು?" ಅಂತ ಕೇಳಿದೆ.

"ಆಗ್ತಾ ಇದೆ. ಈಗ ಚೀಟಿ ಬಿಚ್ಚಬೇಕು."

"ಬಿಚ್ಚಲಿ" ಅಂದೆ. ಉಸಿರು ಬಿಗಿಹಿಡಿದು ಕೂತಿದ್ದೆ, ನನ್ನ ಉಸಿರೂ ತಾಗದಿರಲಿ ಅಂತ.

ಮಾರ್ಚ್ 23, ಶನಿವಾರ

ರಜೆ. ಸೊಸೆ ಮಲಗಿದ್ದ ಕೋಣೆಗೆ ಹೋಗಿ ಹಾಸಿಗೆಯ ತುದಿಯಲ್ಲಿ ಕೂತೆ. ಕೈ ಮೂರು ಸಲ ತೊಳೆದಿದ್ದೆ. ಡಾಕ್ಟರಿಗೆ ಮುಲಾಮಿನ ವಿಷಯ ಫೋನಿನಲ್ಲಿ ಕೇಳಿದ್ದನ್ನು, ಅವರೂ ದೊಡ್ಡಮೇಡಂ ಹೇಳಿದ್ದನ್ನೇ ಹೇಳಿದ್ದನ್ನು ತಿಳಿಸಿದೆ. ಕಾಲು ಎತ್ತರಕ್ಕೆ ಇಟ್ಟುಕೋ ಅಂತ ದಿಂಬು ಕೊಟ್ಟೆ. ಅವಳ ಪಾದ ತಣ್ಣಗಿತ್ತು. ಅಂಗೈಯಿಂದ ಒತ್ತಿದೆ, ಬೆರಳಂತೂ ಮಡಿಸಲಾಗದು.

"ಬೇಡ ಅತ್ತೆ, ನೀವು ನನ್ನ ಕಾಲು..."

"ಸುಮ್ನಿರೇ."

ಆಮೇಲೆ, ಮೇಡಂ ಹೇಳಿದ ಇನ್ನೊಂದು ಮಾತನ್ನೂ ಹೇಳಿದೆ. "ಆ ಎರಡು ಹೋಯ್ತಲ್ಲ, ಅದು ನಿನ್ನ ತಪ್ಪಲ್ಲವಂತೆ. ಚೀಟಿ ಎಣಿಕೆ ತಪ್ಪಿರುತ್ತಂತೆ, ಮೊದಲೇ. ನೀನು ಏನು ಮಾಡಿದ್ರೂ, ಮಾಡದಿದ್ರೂ ಅಷ್ಟೇ ಅಂತೆ."

ಅವಳು ಗೋಡೆ ಕಡೆ ತಿರುಗಿದಳು. ಭುಜ ಅಲುಗುತ್ತಿತ್ತು. ಕಲೆ ಮತ್ತೆ ಬಂತೇನೋ ಅಂತ ಹೊದಿಕೆ ಎತ್ತಿ ನೋಡಿದೆ.

"ಏನಾಯ್ತೇ? ನೋವಾ?"

"ಇಲ್ಲ ಅತ್ತೆ" ಅಂದಳು. "ಏನಿಲ್ಲ."

ಅರ್ಧ ಗಂಟೆ ಅತ್ತಳು. ಇಷ್ಟು ಸಣ್ಣ ಮಾತಿಗೆ ಯಾಕೆ ಅಷ್ಟು ಅತ್ತಳೋ. ಅಳು ನಿಲ್ಲುವವರೆಗೆ ಪಾದ ಒತ್ತುತ್ತ ಕೂತೆ. ಅನ್ನ ಸೀದುಹೋಯಿತು. ಸೀಯಲಿ.

ಮಾರ್ಚ್ 26, ಮಂಗಳವಾರ

ನಾಳೆ ಸ್ಕ್ಯಾನ್. ಭಯ. ಬರೆಯಲು ಬೇರೇನೂ ಇಲ್ಲ.

ಮಾರ್ಚ್ 27, ಬುಧವಾರ

ಮಗನ ಕೆಲಸದ ಕಡೆ ಲಿಫ್ಟಿನಲ್ಲಿ ಯಾರೋ ಸಿಕ್ಕಿಹಾಕಿಕೊಂಡರು ಅಂತ ಅವನಿಗೆ ಬರಲಾಗಲಿಲ್ಲ. ನಾನೇ ಕರೆದುಕೊಂಡು ಹೋದೆ. ಹೊರಗೆ ಬೆಂಚಿನಲ್ಲಿ ಕೂತುಕೊಳ್ಳುತ್ತೇನೆ ಅಂದೆ. ಎರಡು ವಾರವಾದರೂ ಕೈಯಲ್ಲಿ ಇನ್ನೂ ವಾಸನೆ ಇದೆಯೇನೋ ಅನಿಸುತ್ತಲೇ ಇತ್ತು, ಮೂಸಿ ಮೂಸಿ ನೋಡಿಕೊಳ್ಳುತ್ತಿದ್ದೆ. ಪಕ್ಕದವಳು ದೂರ ಸರಿದು ಕೂತಳು.

ಒಳಗಿನಿಂದ ನರ್ಸ್ ಬಂದು, "ಅತ್ತೆ ಅಂದ್ರೆ ಯಾರು? ಕರೀತಿದ್ದಾರೆ" ಅಂದಳು.

ಕತ್ತಲೆ ಕೋಣೆ. ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತಿದ್ದಳು. ಪರದೆಯಲ್ಲಿ ಬೂದಿ ಬಣ್ಣ ಬಿಟ್ಟರೆ ಏನೂ ಇಲ್ಲ. "ಒಂದು ನಿಮಿಷ" ಅಂದಳು. ಯಂತ್ರವನ್ನು ಈ ಕಡೆ ಒತ್ತಿದಳು, ಆ ಕಡೆ ಒತ್ತಿದಳು. ಸೊಸೆ ಪರದೆ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಕೈ ಚಾಚಿದಳು. ನಾನು ಕೊಡಲಿಲ್ಲ. ಅವಳೇ ಎಳೆದುಕೊಂಡು, ಊದಿದ ಬೆರಳುಗಳನ್ನು ಮುಷ್ಟಿಯಲ್ಲಿ ಹಿಡಿದು ಅಮುಕಿದಳು. ಗೆಣ್ಣು ಒಂದೊಂದೂ ಒಡೆದ ಹಾಗಾಯಿತು. ಬಿಡೇ ಅಂತ ಬಾಯಿವರೆಗೆ ಬಂತು.

"ಅಲ್ಲಿ" ಅಂದಳು ಡಾಕ್ಟರಮ್ಮ.

ಬೂದಿಯೊಳಗೆ ಒಂದು ಚುಕ್ಕೆ. ಮಿಟುಕಿತು. ಮತ್ತೆ ಮಿಟುಕಿತು. ನಿಲ್ಲಲೇ ಇಲ್ಲ ಅದು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಿತ್ತು.

ಇನ್ನೂ ಏಳು ತಿಂಗಳಿದೆ. ಏನು ಬೇಕಾದರೂ ಆಗಬಹುದು. ನಾನು ಕೇಳುವ ಮೊದಲೇ ಡಾಕ್ಟರಮ್ಮನೂ ಅದನ್ನೇ ಹೇಳಿದಳು.

ಸೊಸೆ ಮಾತ್ರ ಬೆರಳು ಬಿಡಲಿಲ್ಲ. ನೋವಿಗೆ ನನ್ನ ಕಣ್ಣಲ್ಲಿ ನೀರು ಸುರಿಯಿತು. ಡಾಕ್ಟರಮ್ಮ ಬೇರೇನೋ ಅಂದುಕೊಂಡು ಟಿಶ್ಯೂ ಕೊಟ್ಟಳು. ಇನ್ನೊಂದು ಕೈಯಲ್ಲಿ ಇಸಿದುಕೊಂಡೆ.